ಫೆರೋವಿದ್ಯುತ್ ವಸ್ತುಗಳ ಅರೇಖೀಯ ವರ್ತನೆ

ಫೆರೋವಿದ್ಯುತ್ ವಸ್ತುವಿನಲ್ಲಿ ತಾನಾಗಿಯೇ ಇರುವ ಧ್ರುವೀಕರಣದ ದಿಕ್ಕನ್ನು ಹೊರಗಿನ ವಿದ್ಯುತ್ ಕ್ಷೇತ್ರದಿಂದ ತಿರುಗಿಸಬಹುದು. ಈ ಗುಣವನ್ನು 1920ರಲ್ಲಿ ಜೋಸೆಫ್ ವಾಲಸೆಕ್ ರೋಶೆಲ್ ಲವಣದಲ್ಲಿ ಕಂಡರು. ಕ್ಷೇತ್ರ ಅಲ್ಪವಿದ್ದಾಗ ಪ್ರತಿಕ್ರಿಯೆ ಬಹುಮಟ್ಟಿಗೆ ರೇಖೀಯ. ಹೆಚ್ಚಿದಾಗ ಡೊಮೇನುಗಳು, ಅಂದರೆ ಧ್ರುವೀಕರಣ ಒಂದೇ ದಿಕ್ಕಿನಲ್ಲಿರುವ ವಲಯಗಳು, ಹಲವು ವಸ್ತುಗಳಲ್ಲಿ 90 ಅಥವಾ 180 ಡಿಗ್ರಿ ಹೊರಳುತ್ತವೆ; ಆಗ ಕ್ಷೇತ್ರ ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ ಹಿಡಿಯುವ ಹಿಸ್ಟೆರಿಸಿಸ್ ಕುಣಿಕೆ ಮೂಡುತ್ತದೆ. ಯಾಂತ್ರಿಕ ಒತ್ತಡವೊಂದೇ 180 ಡಿಗ್ರಿ ಹೊರಳಿಕೆಯನ್ನು ನೇರವಾಗಿ ಉಂಟುಮಾಡಲಾರದು. ಈ ವರ್ತನೆಗೆ ಗಣಿತದ ಮಾದರಿ ಕಟ್ಟುವವರು ಮರೆಯಬಾರದ ಸಂಗತಿ ಇದು. 1995ರಲ್ಲಿ ಹ್ವಾಂಗ್, ಲಿಂಚ್ ಮತ್ತು ಮ್ಯಾಕ್‌ಮೀಕಿಂಗ್ ಮಂಡಿಸಿದ ಮಾದರಿಯಂತೆ, ಒತ್ತಡವೂ ಕ್ಷೇತ್ರವೂ ಸೇರಿ ಮಾಡುವ ಕೆಲಸ ಒಂದು ಮಿತಿ ದಾಟಿದಾಗ ಡೊಮೇನು ಹೊರಳುತ್ತದೆ. ಸರಳವಾದರೂ ಬಲು ಉಪಯುಕ್ತ ನಿಯಮ. ಆದರೆ ಹರಳುಕಣಗಳ ಪರಸ್ಪರ ಪ್ರಭಾವವನ್ನು ಬಿಟ್ಟರೆ ಲೆಕ್ಕದ ಕುಣಿಕೆಯ ಮೂಲೆಗಳು ಪ್ರಯೋಗದಲ್ಲಿ ಕಾಣುವುದಕ್ಕಿಂತ ಚೂಪಾಗುತ್ತವೆ.