ಹಿರಿಯೂರು ಸೀಮೆಯಲ್ಲಿ ದುರಸ್ತಿಯ ವಿದ್ಯೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಮತ್ತು ಅದರ ಆಸುಪಾಸಿನ ಊರುಗಳು ಮಧ್ಯ ಕರ್ನಾಟಕದ ಬೆಂಗಾಡಿಗೆ ಸೇರಿದವು. ಇಲ್ಲಿ ಮಳೆ ಕಡಿಮೆ, ಬಿದ್ದರೂ ನೆಲದ ಹಸಿ ಹೆಚ್ಚು ದಿನ ನಿಲ್ಲದು. ಹದ ಸಿಕ್ಕ ನಾಲ್ಕಾರು ದಿನಗಳಲ್ಲಿ ಉಳುಮೆಯೂ ಬಿತ್ತನೆಯೂ ಮುಗಿಯದಿದ್ದರೆ ಆ ವರ್ಷದ ಬೆಳೆಯನ್ನೇ ಕಳೆದುಕೊಂಡಂತೆ. ಇಂಥ ನೆಲದಲ್ಲಿ ಬಿತ್ತನೆಯ ಹೊತ್ತಿಗೆ ಕೂರಿಗೆಯ ಒಂದು ತಾಳು ಮುರಿಯುವುದು, ನೇಗಿಲಿನ ಕುಳ ಸವೆದು ಮೊಂಡಾಗುವುದು ಸಣ್ಣ ಮಾತಾಗಿರಲಿಲ್ಲ. ಮುರಿದದ್ದನ್ನು ಅದೇ ದಿನ, ಅದೇ ಊರಿನಲ್ಲಿ ಸರಿಪಡಿಸಿಕೊಳ್ಳುವ ಏರ್ಪಾಡು ಈ ಸೀಮೆಯ ಬೇಸಾಯಕ್ಕೆ ಬಿತ್ತನೆ ಬೀಜದಷ್ಟೇ ಅಗತ್ಯವಾಗಿತ್ತು. ಆ ಏರ್ಪಾಡು ಯಾರ ಕೈಯಲ್ಲಿತ್ತು, ಕಾಲಕಾಲಕ್ಕೆ ಯಾರ ಕೈಗೆ ದಾಟಿತು ಎಂಬುದನ್ನು ಹಿಡಿದು ನೋಡಿದರೆ ಈ ಭಾಗದ ಚರಿತ್ರೆಯ ಒಂದು ಮುಖ್ಯ ಎಳೆ ಸಿಗುತ್ತದೆ.

ಚಿತ್ರದುರ್ಗ ಸೀಮೆಯಲ್ಲಿ ಲೋಹ ಮತ್ತು ಬೆಂಕಿಯ ಕೆಲಸ ಹಳೆಯದು. ಟಿಪ್ಪು ಸುಲ್ತಾನನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಸಂಪುಟಗಳಲ್ಲಿ ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿರುವ ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳನ್ನು ವಿವರಿಸಿದ್ದಾನೆ; ಮೈಸೂರು ಸೀಮೆಯ ಹಲವೆಡೆ ಕಬ್ಬಿಣದ ಅದಿರನ್ನು ಕರಗಿಸಿ ಕಬ್ಬಿಣವನ್ನೂ ಅದರಿಂದ ಉಕ್ಕನ್ನೂ ಮಾಡುತ್ತಿದ್ದ ಬಗೆಯನ್ನು ಕಂಡು ಬರೆದಿದ್ದಾನೆ. ಜಿಲ್ಲೆಯ ಘಟ್ಟಿಹೊಸಹಳ್ಳಿಯ ಬಳಿ ಉಕ್ಕು ತಯಾರಿಸಿದ ಮೂಸೆಗಳ, ಎಂದರೆ ಲೋಹ ಕಾಯಿಸುವ ಮಣ್ಣಿನ ಕುಡಿಕೆಗಳ, ಚೂರುಗಳು ದೊರೆತಿದ್ದು, ಭೂವಿಜ್ಞಾನಿಯೂ ಕನ್ನಡದ ವಿಜ್ಞಾನ ಲೇಖಕರೂ ಆದ ಟಿ. ಆರ್. ಅನಂತರಾಮು ಮತ್ತು ಅವರ ಜೊತೆಗಾರರು ಅವನ್ನು ಅಭ್ಯಸಿಸಿದ್ದಾರೆ. ಮೆದು ಕಬ್ಬಿಣದ ತುಂಡುಗಳನ್ನು ತಂಗಡಿಯಂಥ ಗಿಡದ ಕಡ್ಡಿ ಮತ್ತು ಹಸಿ ಎಲೆಯೊಡನೆ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲ ಬೆಂಕಿಯಲ್ಲಿ ಗಂಟೆಗಟ್ಟಲೆ ಕಾಯಿಸಿದಾಗ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಈ ಉಕ್ಕು ದುಬಾರಿಯದು. ಆದ್ದರಿಂದ ಕಮ್ಮಾರರು ಕೊಡಲಿಯನ್ನೋ ಉಳಿಯನ್ನೋ ಪೂರ್ತಿ ಉಕ್ಕಿನಲ್ಲಿ ಮಾಡದೆ, ಮೆದು ಕಬ್ಬಿಣದ ಮೈಗೆ ಬಾಯಿಯ ಭಾಗದಲ್ಲಿ ಮಾತ್ರ ಉಕ್ಕನ್ನು ಬೆಸೆಯುತ್ತಿದ್ದರು. ಬಾಯಿ ಸವೆದಾಗ ಮತ್ತೆ ಉಕ್ಕು ಬೆಸೆಯಬಹುದಾದ ಈ ಕ್ರಮದಲ್ಲಿ ಹತಾರ ಹುಟ್ಟುವಾಗಲೇ ಅದರ ಮುಂದಿನ ದುರಸ್ತಿಯನ್ನೂ ಯೋಚಿಸಲಾಗಿತ್ತು ಎಂಬುದು ಗಮನಿಸತಕ್ಕದ್ದು.

ಊರಿನೊಳಗೆ ಈ ಕೆಲಸ ನಡೆಯುತ್ತಿದ್ದುದು ಆಯಗಾರ ಪದ್ಧತಿಯ ಮೂಲಕ. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ತೋಟಿ, ತಳವಾರ, ನೀರುಗಂಟಿ ಮೊದಲಾದ ಹನ್ನೆರಡು ಮಂದಿ ಊರಿನ ಸೇವೆಗೆ ಕಟ್ಟುಬಿದ್ದವರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರಿಗೆ ಸಲ್ಲುತ್ತಿದ್ದ ಕಾಳಿನ ಪಾಲಿಗೆ ಆಯ ಎಂದು ಹೆಸರು. ಈ ಲೆಕ್ಕದಲ್ಲಿ ಕಮ್ಮಾರನಿಗೂ ಬಡಗಿಗೂ ಒಂದೊಂದು ಕೆಲಸಕ್ಕೆ ಒಂದೊಂದು ಕೂಲಿ ಎಂಬುದಿರಲಿಲ್ಲ. ರೈತ ವರ್ಷದಲ್ಲಿ ಎಷ್ಟು ಸಲ ಕುಲುಮೆಗೆ ಬಂದರೂ ಕೊಡುವ ಆಯ ಅಷ್ಟೇ ಆಗಿದ್ದುದರಿಂದ, ಕುಳ ಬೇಗ ಸವೆಯದಂತೆ, ಹಿಡಿ ಬೇಗ ಸಡಿಲವಾಗದಂತೆ ಮಾಡಿಕೊಡುವುದು ಕಮ್ಮಾರನ ಹಿತಕ್ಕೇ ಅನುಕೂಲವಾಗಿತ್ತು. ಕೆಟ್ಟಷ್ಟೂ ಲಾಭ ತರುವ ಇಂದಿನ ರಿಪೇರಿ ವ್ಯವಹಾರಕ್ಕೆ ಇದು ತದ್ವಿರುದ್ಧವಾದ ಲೆಕ್ಕ, ಮತ್ತು ಈ ಒಂದು ವಿಷಯದಲ್ಲಿ ಹಳೆಯ ಪದ್ಧತಿ ಹೆಚ್ಚು ವಿವೇಕದ್ದಾಗಿತ್ತು.

ಕುಳ ಹಣಿಸುವ ಕೆಲಸವನ್ನೇ ನೋಡಬಹುದು. ಕುಳವೆಂದರೆ ನೇಗಿಲಿನ ತುದಿಗೆ ತೊಡಿಸಿದ, ನೆಲ ಸೀಳುವ ಕಬ್ಬಿಣ. ಅದನ್ನು ಇದ್ದಲಿನಲ್ಲಿ ಹೂತು, ತಿದಿಯೊತ್ತಿ ಕೆಂಪಗೆ ಕಾಯಿಸಿ, ಇಕ್ಕುಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟಾಗ ಕಮ್ಮಾರ ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾನೆ, ಎದುರು ನಿಂತವನು ಅದೇ ಜಾಗಕ್ಕೆ ಸಮ್ಮಟಿಗೆಯಿಂದ ಹೊಡೆಯುತ್ತಾನೆ. ತಿದಿಯೊತ್ತುವುದೂ ಸಮ್ಮಟಿಗೆ ಹೊಡೆಯುವುದೂ ಬಹಳ ಕಡೆ ಕುಳ ತಂದ ರೈತನ ಪಾಲಿನ ಕೆಲಸ. ತುದಿ ಚೂಪಾಗಿ ಎಳೆದ ಮೇಲೆ ಹದ ಹಾಕುವ ಘಟ್ಟ ಬರುತ್ತದೆ: ತುದಿಯನ್ನಷ್ಟೇ ನೀರಿಗದ್ದಿ ತೆಗೆದು, ಮೇಲಿನ ಭಾಗದಲ್ಲಿ ಉಳಿದ ಕಾವು ಕೆಳಗಿಳಿಯುವಾಗ ಕಬ್ಬಿಣದ ಮೈಮೇಲೆ ಓಡುವ ಹಳದಿ, ಕಂದು, ನೀಲಿ ಬಣ್ಣಗಳನ್ನು ನೋಡುತ್ತಿದ್ದು, ಬೇಕಾದ ಬಣ್ಣ ತುದಿಗೆ ಬಂದ ಕ್ಷಣದಲ್ಲಿ ಮತ್ತೆ ನೀರಿಗೆ ಬಿಡಬೇಕು. ಹೊತ್ತು ಮೀರಿದರೆ ಕುಳ ಮೆತ್ತಗಾಗಿ ಬಾಗುತ್ತದೆ, ಮುಂಚೆ ಬಿಟ್ಟರೆ ಕಲ್ಲಿಗೆ ತಗುಲಿ ಸಿಡಿಯುತ್ತದೆ. ಈ ಬಣ್ಣಗಳ ಅರಿವು ಕಮ್ಮಾರನಿಗೆ ಪುಸ್ತಕದಿಂದ ಬಂದದ್ದಲ್ಲ. ತಿದಿಯೊತ್ತುತ್ತ ನಿಂತ ರೈತನಿಗೂ ಅದು ಅಷ್ಟಿಷ್ಟು ದಕ್ಕುತ್ತಿತ್ತು.

ಕುಲುಮೆಗೆ ಹೋಗದೆ ಮನೆಯಲ್ಲೇ ಮುಗಿಯುತ್ತಿದ್ದ ಕೆಲಸದ ಪಟ್ಟಿ ಇನ್ನೂ ದೊಡ್ಡದು. ಜಾಲಿ ಮರದ ಕೊಂಬೆ ಕಡಿದು ನೆರಳಲ್ಲಿ ಒಣಗಿಸಿ ಕುಂಟೆ, ಗುದ್ದಲಿ, ಕೊಡಲಿಗಳಿಗೆ ಕಾವು ಹೊಂದಿಸುವುದು, ಮಿಣಿ ಹಗ್ಗ ಹೊಸೆಯುವುದು, ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಿಡುವುದು ಗಂಡಸರ ಪಾಲಿಗೆ ಬಂದಿದ್ದವು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಸೇರಿಸಿ ಮಾಡಿದ ಕೀಲೆಣ್ಣೆಯನ್ನು ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಬಿಡುತ್ತಿದ್ದರು. ಬೀಸುವ ಕಲ್ಲು ನುಣುಪಾಗಿ ಹಿಟ್ಟು ತರಿಯಾದಾಗ ಅದನ್ನು ಗುರುತಿಸಿ, ಊರಿಗೆ ಬಂದ ಕಲ್ಲು ಕುಟ್ಟುವವರಿಂದ ಉಳಿಯ ಕಚ್ಚು ಹಾಕಿಸುವುದು, ಒಲೆಯ ಬಿರುಕಿಗೆ ಮಣ್ಣು ಮೆತ್ತುವುದು, ಹೊಸ ಮಡಕೆಯನ್ನು ಪಳಗಿಸುವುದು, ಹಿತ್ತಾಳೆ ಪಾತ್ರೆಯ ಕಲಾಯಿ ಹೋದುದನ್ನು ಹುಳಿ ಕೆಡುವ ಮೊದಲೇ ಕಂಡುಕೊಳ್ಳುವುದು ಹೆಂಗಸರ ವಿದ್ಯೆ. ನವಸಾಗರದ ಪುಡಿ ಉದುರಿಸಿ, ಕಾದ ಪಾತ್ರೆಯ ಒಳಮೈಗೆ ತವರ ಸವರುವ ಕಲಾಯಿಯವರ ಕಸುಬನ್ನು ಹಲವರು ಬಣ್ಣಿಸಿದ್ದಾರೆ. ಪಾತ್ರೆ ಯಾವಾಗ ಅವರ ಕೈ ಸೇರಬೇಕು ಎಂದು ನಿರ್ಧರಿಸುತ್ತಿದ್ದ ಮನೆಯೊಡತಿಯ ತಿಳಿವಳಿಕೆಗೆ ಗೆಜೆಟಿಯರುಗಳಲ್ಲಿ ಜಾಗ ಸಿಕ್ಕಿಲ್ಲ.

ಈ ಏರ್ಪಾಡನ್ನು ಹೊಗಳುವಾಗ ಅದರ ಕ್ರೌರ್ಯವನ್ನು ಮರೆಮಾಚುವುದು ಸಲ್ಲದು. ವಿದ್ಯೆ ಜಾತಿಗೆ ಕಟ್ಟುಬಿದ್ದಿತ್ತು. ಬಾವಿಯಿಂದ ಎತ್ತುಗಳು ನೀರೆಳೆಯುವ ಕಪಿಲೆಗೆ ಬೇಕಾದ ತೊಗಲಿನ ಬಾನಿಯನ್ನು ಹೊಲಿದು, ಹರಿದಾಗ ತೇಪೆ ಹಾಕಿ ನೀರಾವರಿಯನ್ನು ನಡೆಸಿಕೊಟ್ಟವರು ಊರ ಹೊರಗಿನ ಕೇರಿಯವರು. ಅವರು ಹೊಲಿದ ಬಾನಿ ಎತ್ತಿದ ನೀರು ಎಲ್ಲರ ಹೊಲಕ್ಕೂ ಹರಿಯುತ್ತಿದ್ದರೂ ಅದೇ ಬಾವಿಯ ನೀರು ಮುಟ್ಟಲು ಅವರಿಗೆ ಹಕ್ಕಿರಲಿಲ್ಲ. ಮೈಸೂರು ಸರ್ಕಾರದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಕುಶಲಕರ್ಮಿಗಳ ಆಯ ಅದರಿಂದ ಒಂದೇ ಏಟಿಗೆ ನಿಲ್ಲಲಿಲ್ಲವಾದರೂ ಅದು ನಿಂತಿದ್ದ ನೆಲೆಗಟ್ಟು ಕುಸಿಯಿತು, ಕಾಳಿನ ಬದಲು ರೊಕ್ಕ ಬಂತು.

ಅಷ್ಟರಲ್ಲಿ ಹತಾರಗಳೇ ಬದಲಾಗಿದ್ದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ನೆಲಕ್ಕೆ ವಿಷವೆಂದು ರೈತರು ಮೊದಲು ಹಿಂಜರಿದರು. ಆ ನೇಗಿಲು ತಂದ ಹೊಸತನವೆಂದರೆ ಬೋಲ್ಟು ಬಿಚ್ಚಿ ಸವೆದ ಭಾಗವನ್ನಷ್ಟೇ ಬದಲಾಯಿಸಬಹುದಾಗಿದ್ದುದು. ಕುಲುಮೆಯ ಕೆಲಸದ ಒಂದಂಶ ಹೀಗೆ ಸ್ಪ್ಯಾನರ್ ಹಿಡಿದ ರೈತನ ಕೈಗೆ ಬಂತು, ಬಿಡಿಭಾಗ ಮಾತ್ರ ದೂರದ ಕಾರ್ಖಾನೆಯಿಂದ ಬರಬೇಕಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಬೇರೆಯಾಗುವವರೆಗೆ ಹರಿಹರವೂ ಚಿತ್ರದುರ್ಗ ಜಿಲ್ಲೆಯದೇ. ಲೋಹದ ತುಂಡನ್ನು ತಿರುಗಿಸುತ್ತ ಅಳತೆಗೆ ಸರಿಯಾಗಿ ಕೆತ್ತುವ ಲೇತ್ ಇದ್ದ ಕಡೆ, ಸಿಗದ ಬಿಡಿಭಾಗವನ್ನು ಅಲ್ಲೇ ಮಾಡಿಕೊಳ್ಳಬಹುದಾಯಿತು.

ಈ ಭಾಗದಲ್ಲಿ ದುರಸ್ತಿ ವಿದ್ಯೆಯ ಎರಡನೆಯ ದೊಡ್ಡ ನೆಲೆಯಾದದ್ದು ನೀರೆತ್ತುವ ಯಂತ್ರ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ನೀರು ನಾಲೆಯ ಕೆಳಗಿನ ಊರುಗಳಿಗೆ ದಕ್ಕಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು ಎಂಬುದೊಂದೇ ಇಲ್ಲಿನ ಮಳೆಯ ಸ್ಥಿತಿಯನ್ನು ಹೇಳುತ್ತದೆ. ನಾಲೆ ಮುಟ್ಟದ ಊರುಗಳಿಗೆ ಬಾವಿಯೇ ಗತಿ. ಕಪಿಲೆಯ ಜಾಗಕ್ಕೆ ಡೀಸೆಲ್ ಎಂಜಿನ್, 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾದ ನಂತರದ ದಶಕಗಳಲ್ಲಿ ವಿದ್ಯುತ್ ಮೋಟಾರು, ಆಮೇಲೆ ಕೊಳವೆಬಾವಿಯೊಳಗೆ ಇಳಿಬಿಡುವ ಸಬ್‌ಮರ್ಸಿಬಲ್ ಪಂಪು ಬಂದವು. ಲೈನಿನ ಕೊನೆಯಲ್ಲಿರುವ ತೋಟಗಳಿಗೆ ವೋಲ್ಟೇಜು ಕುಸಿದು ತಲುಪುತ್ತದೆ. ಅಷ್ಟೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ತಾಮ್ರದ ಸುರುಳಿ ಕಾದು, ತಂತಿಗಳ ನಡುವಿನ ಹೊದಿಕೆ ಕರಗಿ, ಕಾಯಿಲು ಸುಡುತ್ತದೆ. ಮೂರು ಫೇಸುಗಳಲ್ಲಿ ಒಂದು ಕಡಿದಾಗಲೂ ಹೀಗೆಯೇ. ಕಾಯಿಲು ಕಟ್ಟುವ ರಿವೈಂಡಿಂಗ್ ಅಂಗಡಿಗಳು ಹೋಬಳಿ ಕೇಂದ್ರಗಳವರೆಗೂ ಹಬ್ಬಿದ್ದು ಈ ಕಾರಣಕ್ಕೆ. ಸುಟ್ಟ ಸುರುಳಿಯನ್ನು ಬಿಚ್ಚುತ್ತ ಎಷ್ಟು ಸುತ್ತು, ಎಷ್ಟನೆಯ ಗೇಜಿನ ತಂತಿ ಎಂದು ಎಣಿಸಿ ಬರೆದುಕೊಂಡು, ಅಷ್ಟೇ ಸುತ್ತನ್ನು ಹೊಸ ತಂತಿಯಲ್ಲಿ ಸುತ್ತುವ ಆ ಕೆಲಸ ಕಮ್ಮಾರಿಕೆಗೆ ಸರಿಸಮನಾದ ವಿದ್ಯೆ. ಅಂಗಡಿಗಳ ನೋಟುಬುಕ್ಕುಗಳು ಈ ಸೀಮೆಯ ನೀರಾವರಿಯ ದಾಖಲೆಗಳೂ ಹೌದು. ರೈತನ ಪಾಲಿಗೆ ಉಳಿದದ್ದು ಫ್ಯೂಸ್ ಕಟ್ಟುವುದು, ಸ್ಟಾರ್ಟರಿನ ಕಾಂಟ್ಯಾಕ್ಟುಗಳನ್ನು ಮರಳು ಕಾಗದದಿಂದ ಉಜ್ಜುವುದು, ಫುಟ್‌ವಾಲ್ವಿನ ಕಸ ತೆಗೆಯುವುದು. ಪದೇ ಪದೇ ಹೋಗುವ ಫ್ಯೂಸಿಗೆ ಬೇಸತ್ತು ದಪ್ಪ ತಂತಿ ಕಟ್ಟಿ ಮೋಟಾರನ್ನೇ ಸುಟ್ಟುಕೊಂಡವರು, ಜೀವಕ್ಕೇ ಎರವಾದವರು ಕಡಿಮೆಯಿಲ್ಲ. ಕಬ್ಬಿಣ ತಪ್ಪು ಮಾಡಿದವನ ಬೆರಳು ಸುಡುತ್ತಿತ್ತು. ವಿದ್ಯುತ್ತು ಅಷ್ಟಕ್ಕೆ ಬಿಡುವುದಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿ ಚಿತ್ರದುರ್ಗ, ಹಿರಿಯೂರುಗಳ ಮೂಲಕ ಹಾದುಹೋದದ್ದರಿಂದ ವೆಲ್ಡಿಂಗ್, ಟಿಂಕರಿಂಗ್, ಲಾರಿ ಗ್ಯಾರೇಜುಗಳು ಬೆಳೆದವು, ಜಾತಿಯ ಕಟ್ಟು ಮೀರಿ ಕೆಲಸ ಕಲಿಯುವ ದಾರಿಯೂ ಅಲ್ಲಿ ತೆರೆಯಿತು. ಲಾರಿಯ ಮುರಿದ ಕಮಾನು ಪಟ್ಟಿಗಳು ಒಳ್ಳೆಯ ಉಕ್ಕಿನವು. ಅವನ್ನು ಗುಜರಿಯಿಂದ ತಂದು ಮಚ್ಚು, ಕುಡುಗೋಲು ಬಡಿಯುವ ಕುಲುಮೆಗಳು ಇಂದಿಗೂ ಇವೆ. ಮೂಸೆಯ ಉಕ್ಕು ನಿಂತುಹೋದ ಸೀಮೆಯಲ್ಲಿ ಕಮ್ಮಾರನಿಗೆ ಉಕ್ಕು ಒದಗಿದ್ದು ಹೀಗೆ.

ಕಂಪ್ಯೂಟರು ಇಲ್ಲಿನ ರೈತರ ಬದುಕಿಗೆ ಮೊದಲು ಬಂದದ್ದು ಮನೆಯ ವಸ್ತುವಾಗಿ ಅಲ್ಲ, ಪಹಣಿಯ ರೂಪದಲ್ಲಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಜಾರಿಯಾದ ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ತಂದಿತು. ನಂತರ ನಾಡಕಚೇರಿ, ಗ್ರಾಮ ಪಂಚಾಯಿತಿ, ಶಾಲೆಗಳಿಗೆ, ಜೆರಾಕ್ಸ್ ಅಂಗಡಿಗಳಿಗೆ, ಕೊನೆಗೆ ಓದುವ ಮಕ್ಕಳಿರುವ ಮನೆಗಳಿಗೆ ಅದು ಹರಡಿತು. ಧೂಳು, ಸೆಕೆ, ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು ಈ ಯಂತ್ರದ ಶತ್ರುಗಳಾದ್ದರಿಂದ, ಅದನ್ನು ಬಿಚ್ಚಿ ನೋಡುವ ಧೈರ್ಯವೂ ಬೇಗ ಬಂತು. ಫ್ಯಾನಿಗೆ ಧೂಳು ಕಟ್ಟಿ ಪ್ರೊಸೆಸರ್ ಕಾದಾಗ ಯಂತ್ರ ತಾನಾಗಿ ಆರುವುದು, ಸೀಟಿ ಹೊಡೆದು ಪರದೆ ಕಪ್ಪಾಗಿಯೇ ಉಳಿದಾಗ ರ್‍ಯಾಮ್ ಪಟ್ಟಿ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಈಗ ಊರೂರಿನ ಹುಡುಗರಿಗೂ ಗೊತ್ತು. ಇನ್ನೊಂದು ದೋಷ ಹೆಚ್ಚು ದಿಕ್ಕುತಪ್ಪಿಸುವಂಥದ್ದು: ಇಂಟರ್ನೆಟ್ ಬರುತ್ತಿದ್ದರೂ ಸುರಕ್ಷಿತ ಜಾಲತಾಣಗಳು ತೆರೆಯದೆ ಎಚ್ಚರಿಕೆಯ ಪುಟವೇ ಕಾಣುತ್ತದೆ. ಕಾರಣ, ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆಯಾಕಾರದ ಸೆಲ್ ಮುಗಿದು, ಕರೆಂಟು ಹೋದಾಗಲೆಲ್ಲ ಗಡಿಯಾರ ಹಳೆಯ ಇಸವಿಗೆ ಜಾರುವುದು; ತಾಣದ ದೃಢೀಕರಣ ಪತ್ರದ ಅವಧಿ ಆ ದಿನಾಂಕಕ್ಕೆ ತಾಳೆಯಾಗದ್ದರಿಂದ ಬ್ರೌಸರು ಬಾಗಿಲು ಮುಚ್ಚುತ್ತದೆ. ಸೆಲ್ ಬದಲಿಸಿ ದಿನಾಂಕ ತಿದ್ದಿದರೆ ಸಾಕು. ಕಾಣುವ ದೋಷದಿಂದ ಕಾಣದ ಕಾರಣಕ್ಕೆ ಹಿಂದೆ ಹಿಂದೆ ನಡೆಯುವ ಈ ವಿಚಾರಣೆ, ಗರಗರ ಸದ್ದಿನಿಂದ ಬೇರಿಂಗಿನ ಸವೆತವನ್ನು, ಬಡಿದಾಗಿನ ಮಂಕು ದನಿಯಿಂದ ಕೊಡಲಿಯ ಒಳಬಿರುಕನ್ನು ಹಿಡಿಯುತ್ತಿದ್ದ ವಿದ್ಯೆಗೆ ನೇರ ವಾರಸು.

ಇತ್ತೀಚಿನ ಯಂತ್ರಗಳು ಈ ವಾರಸಿಕೆಯನ್ನೇ ಕಡಿಯುವಂತಿವೆ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಮೊಬೈಲಿನ ಬ್ಯಾಟರಿ ಅಂಟಿನಲ್ಲಿ ಹೂತಿರುತ್ತದೆ, ಟ್ರ್ಯಾಕ್ಟರುಗಳಿಗೂ ಎಲೆಕ್ಟ್ರಾನಿಕ್ ನಿಯಂತ್ರಣ ಬರುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ತಾಣವೊಂದನ್ನು ತೆರೆದು, ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಯಂತ್ರ, ವಾಹನ ಎಂಬ ನಾಲ್ಕು ವಲಯಗಳ ತಯಾರಕರು ಕೈಪಿಡಿ ಮತ್ತು ಬಿಡಿಭಾಗಗಳ ವಿವರವನ್ನು ಬಳಕೆದಾರರಿಗೆ ಒದಗಿಸಬೇಕೆಂದು ಬಯಸಿದೆ. ಆ ಕೈಪಿಡಿಗಳು ಕನ್ನಡದಲ್ಲಿ ಬರಬೇಕು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ವೆಂಬ ಮಾಸಪತ್ರಿಕೆ ಹೊರಡಿಸಿ ಈ ಭಾಷೆಯಲ್ಲಿ ಶಾಸ್ತ್ರ ಬರೆಯಬಹುದೆಂದು ತೋರಿಸಿದ್ದರು; ಆದರೆ ಸ್ಟಾರ್ಟರಿನ ವೈರಿಂಗ್ ನಕ್ಷೆಯನ್ನೂ ಮದರ್‌ಬೋರ್ಡಿನ ಸೀಟಿಗಳ ಅರ್ಥವನ್ನೂ ಯಲ್ಲದಕೆರೆಯ ಪ್ರೌಢಶಾಲೆಯ ಮಕ್ಕಳು ಓದಿ ತಿಳಿಯುವ ಕನ್ನಡದಲ್ಲಿ ಬರೆದುಕೊಡುವ ಹೊಣೆ ತಯಾರಕರ ಮೇಲೂ ವಿಶ್ವವಿದ್ಯಾಲಯಗಳ ಮೇಲೂ ಇನ್ನೂ ಬಾಕಿ ಇದೆ.