ಇಮೇಲ್‌ಗೆ ಬೀಗ ಹಾಕುವುದು ಹೇಗೆ? ಬೀಗ ಕೈಕೊಟ್ಟರೆ ಏನು ಮಾಡಬೇಕು?

ತಿಗನಾರೆ (ತಾಳವಾಡಿ): ತಿಗನಾರೆಯಿಂದ ಜಿಲ್ಲಾ ಕೇಂದ್ರ ಈರೋಡಿಗೆ ಒಂದು ಕಾಗದ ಮುಟ್ಟಿಸಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲದ ಮೇಲೆ ಹೋಗಬೇಕು. ಮನೆಯಲ್ಲಿ ಗಣಕಯಂತ್ರ ಇರುವವರಿಗೆ ಈ ತಾಪತ್ರಯ ಕಡಿಮೆ. ಪಟ್ಟಾ, ಚಿಟ್ಟಾ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿದರಾಯಿತು. ಚಾಮರಾಜನಗರದ ಕಡೆ ಜಮೀನಿದ್ದರೆ ಪಹಣಿಯೂ ಅದರ ಜೊತೆಗೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ನಂಟಸ್ತನಕ್ಕೆ ಮಾತ್ರ ಗಡಿ ಬೀಳಲಿಲ್ಲ. ಹಾಗಾಗಿ ಒಂದೇ ಮನೆಯ ದಾಖಲೆಗಳು ಎರಡು ರಾಜ್ಯದ ಕಚೇರಿಗಳಿಗೆ, ಎರಡು ಭಾಷೆಯಲ್ಲಿ ಓಡಾಡುವುದು ಇಲ್ಲಿ ಮಾಮೂಲು.

ಹೀಗೆ ಓಡಾಡುವ ದಾಖಲೆಯನ್ನು ದಾರಿಯಲ್ಲಿ ಯಾರು ಯಾರು ಓದಬಹುದು? ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ.

ಜಿಮೇಲ್‌ನಂಥ ಸೇವೆಗಳು ಪತ್ರವನ್ನು ದಾರಿಯಲ್ಲಿ ಸಾಗಿಸುವಾಗ ಗೂಢಲಿಪಿಗೆ ಬದಲಿಸಿಯೇ ಸಾಗಿಸುತ್ತವೆ ಎನ್ನುವುದು ನಿಜ. ಆದರೆ ಅದು ಅಂಚೆ ಚೀಲದ ಬಾಯಿ ಕಟ್ಟಿದಂತೆ. ಚೀಲದೊಳಗೆ ಇರುವುದು ಪೋಸ್ಟ್ ಕಾರ್ಡೇ. ಚೀಲ ಬಿಚ್ಚುವ ಕಡೆಯೆಲ್ಲ, ಅಂದರೆ ಕಳಿಸಿದವರ ಸೇವಾ ಕಂಪನಿಯ ಸರ್ವರ್‌ನಲ್ಲಿ ಹಾಗೂ ಪಡೆದವರ ಸರ್ವರ್‌ನಲ್ಲಿ, ಕಾರ್ಡನ್ನು ಓದಬಹುದು. ಯಾರಾದರೂ ನಿಮ್ಮ ಪಾಸ್‌ವರ್ಡ್ ಕದ್ದರೆ ಐದಾರು ವರ್ಷದ ಕಾಗದಪತ್ರ ಒಂದೇ ಏಟಿಗೆ ಅವರ ಕೈಗೆ. ಪತ್ರವನ್ನೇ ಲಕೋಟೆಗೆ ಹಾಕಿ ಅರಗು ಒತ್ತುವ ಕೆಲಸ ಬೇರೆಯದು. ಅದನ್ನೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎನ್ನುತ್ತಾರೆ.

ಹುಂಡಿಯ ಲೆಕ್ಕ

ಇದರ ತತ್ವ ತಿಳಿಯಲು ದೇವಸ್ಥಾನದ ಹುಂಡಿಯನ್ನು ನೆನೆಸಿಕೊಂಡರೆ ಸಾಕು. ಹುಂಡಿಗೆ ಯಾರು ಬೇಕಾದರೂ ಕಾಸು ಹಾಕಬಹುದು, ತೆಗೆಯಲು ಮಾತ್ರ ಕೀಲಿಕೈ ಇರುವವರಿಗೇ ಸಾಧ್ಯ. ಇಲ್ಲಿಯೂ ಪ್ರತಿಯೊಬ್ಬರಿಗೂ ಎರಡು ಕೀಗಳು. ಒಂದು ಪಬ್ಲಿಕ್ ಕೀ, ಅದು ಹುಂಡಿ ಇದ್ದಂತೆ, ಊರಿಗೆಲ್ಲ ಹಂಚಬಹುದು. ಇನ್ನೊಂದು ಸೀಕ್ರೆಟ್ ಕೀ, ಅದು ನಿಮ್ಮ ಗಣಕ ಬಿಟ್ಟು ಹೊರಗೆ ಹೋಗಬಾರದು. ಬೆಂಗಳೂರಿನಲ್ಲಿರುವ ಮಗಳಿಗೆ ಪತ್ರ ಬರೆಯುವಾಗ ಬಳಕೆಯಾಗುವುದು ಅವಳ ಪಬ್ಲಿಕ್ ಕೀ, ನಿಮ್ಮದಲ್ಲ. ಹೊಸಬರು ಎಡವುವುದು ಮೊದಲು ಇಲ್ಲೇ.

ಈ ಜೋಡಿ ಕೀಗಳ ವಿಚಾರವನ್ನು ಅಮೆರಿಕದ ಡಿಫೀ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶ ಬರೆದು ಇದನ್ನು ಜನಸಾಮಾನ್ಯರ ಗಣಕಕ್ಕೆ ತಂದರು. ಗೂಢಲಿಪಿ ತಂತ್ರಾಂಶವನ್ನು ದೇಶದಾಚೆ ಕಳಿಸಿದರೆಂದು ಅಮೆರಿಕ ಸರ್ಕಾರ ಅವರ ಮೇಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಜರ್ಮನಿಯ ವೆರ್ನರ್ ಕಾಖ್ ಅವರ ಉಚಿತ ತಂತ್ರಾಂಶ ಗ್ನುಪಿಜಿಯ 1.0 ಆವೃತ್ತಿ ಬಂದದ್ದು 1999ರಲ್ಲಿ.

ಅಳವಡಿಸುವ ಕ್ರಮ

ಮನೆಯ ಗಣಕಕ್ಕೆ ಸುಲಭವಾದದ್ದು ಮೊಜಿಲ್ಲಾ ಬಳಗದ ಥಂಡರ್‌ಬರ್ಡ್. ಉಚಿತ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಎನಿಗ್‌ಮೇಲ್ ಎಂಬ ಜೋಡಣೆ ಬೇಕೆಂದು ಬರೆದಿರುತ್ತದೆ. ಅದನ್ನು ಹುಡುಕುತ್ತಾ ಕೂರಬೇಡಿ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಆ ಸೌಲಭ್ಯ ಥಂಡರ್‌ಬರ್ಡ್ ಒಳಗೇ ಸೇರಿಕೊಂಡಿದೆ.

ಥಂಡರ್‌ಬರ್ಡ್ ತೆರೆದು ನಿಮ್ಮ ಇಮೇಲ್ ವಿಳಾಸ ಸೇರಿಸಿ. ಜಿಮೇಲ್ ಆದರೆ ಗೂಗಲ್‌ನ ಪುಟ್ಟ ಕಿಟಕಿಯೊಂದು ಬಂದು ಅನುಮತಿ ಕೇಳುತ್ತದೆ. ಅದು ಬಾರದೆ ಸುಮ್ಮನೆ ಸುತ್ತುತ್ತಿದ್ದರೆ ಥಂಡರ್‌ಬರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್ ನಿಂತಿದೆಯೇ ನೋಡಿ, ಚಾಲೂ ಮಾಡಿ. ಬಳಿಕ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂಬಲ್ಲಿಗೆ ಹೋಗಿ ಆಡ್ ಕೀ ಒತ್ತಿ, ಹೊಸ ಓಪನ್‌ಪಿಜಿಪಿ ಕೀ ಮಾಡಲು ಹೇಳಿ. ಅವಧಿ ಮೂರು ವರ್ಷ ಎಂದು ತಾನೇ ತೋರಿಸುತ್ತದೆ, ಹಾಗೇ ಇರಲಿ. ಕೀ ತಯಾರಾದ ಮೇಲೆ ಅದೇ ಪುಟದಲ್ಲಿ ಅದನ್ನು ಆರಿಸಿಕೊಳ್ಳುವುದನ್ನು ಮರೆಯಬೇಡಿ.

ಇಷ್ಟಾದ ಮೇಲೆ ಜನ ಖುಷಿಯಿಂದ ಪತ್ರ ಕಳಿಸಲು ಕೂರುತ್ತಾರೆ. ನಿಲ್ಲಿ! ಇನ್ನೆರಡು ಕೆಲಸ ಬಾಕಿ ಇದೆ, ಅವೇ ಮುಖ್ಯ.

ಒಂದು, ಪ್ರೈಮರಿ ಪಾಸ್‌ವರ್ಡ್. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಇದನ್ನು ಇಡದಿದ್ದರೆ ನಿಮ್ಮ ಗಣಕದ ಮುಂದೆ ಕುಳಿತವರೆಲ್ಲ ಬೀಗ ಹಾಕಿದ ಪತ್ರವನ್ನು ಓದಬಹುದು. ಹುಂಡಿಯ ಕೀಲಿಕೈಯನ್ನು ಹುಂಡಿಯ ಮೇಲೇ ಇಟ್ಟ ಹಾಗೆ.

ಎರಡು, ಸೀಕ್ರೆಟ್ ಕೀಯ ನಕಲು. ಟೂಲ್ಸ್ ಮೆನುವಿನಿಂದ ಓಪನ್‌ಪಿಜಿಪಿ ಕೀ ಮ್ಯಾನೇಜರ್ ತೆರೆಯಿರಿ. ಅಲ್ಲಿ ಫೈಲ್ ಮೆನುವಿನಲ್ಲಿ ಸೀಕ್ರೆಟ್ ಕೀ ಬ್ಯಾಕಪ್ ಎಂಬುದಿದೆ. ಅದು ಒಂದು ಪಾಸ್‌ವರ್ಡ್ ಕೇಳಿ, ಸಣ್ಣ ಕಡತವೊಂದನ್ನು ಕೊಡುತ್ತದೆ. ಅದನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಮನೆಯ ಬೀರುವಿನಲ್ಲಿ, ಇನ್ನೊಂದನ್ನು ನಂಬಿಕೆಯ ನಂಟರ ಮನೆಯಲ್ಲಿ ಇಡಿ. ಈ ಕಡತ ಹೋದರೆ ಮೊಜಿಲ್ಲಾ ಆಗಲಿ ಗೂಗಲ್ ಆಗಲಿ ಮರಳಿಸಿ ಕೊಡಲಾರವು. ‘ಪಾಸ್‌ವರ್ಡ್ ಮರೆತಿರಾ?’ ಎಂಬ ಬಟನ್ ಇಲ್ಲಿ ಇಲ್ಲ. ಕಳ್ಳರು ಓದಿಬಿಟ್ಟರು ಎಂಬುದಕ್ಕಿಂತ, ತಮ್ಮ ಪತ್ರ ತಮಗೇ ತೆರೆಯುತ್ತಿಲ್ಲ ಎಂಬ ತೊಂದರೆಯನ್ನೇ ಮನೆ ಬಳಕೆದಾರರು ಹೆಚ್ಚು ಎದುರಿಸಬೇಕಾಗುತ್ತದೆ.

ಪಾಸ್‌ವರ್ಡ್ ಮತ್ತು ಎರಡು ಭಾಷೆ

ಗಡಿನಾಡಿನ ಗಣಕಗಳಿಗೆ ವಿಶೇಷವಾದ ಪೇಚೊಂದಿದೆ. ಒಂದೇ ಯಂತ್ರದಲ್ಲಿ ಕನ್ನಡಕ್ಕೆ ನುಡಿ ಅಥವಾ ಇನ್‌ಸ್ಕ್ರಿಪ್ಟ್, ತಮಿಳಿಗೆ ತಮಿಳ್ 99, ಜೊತೆಗೆ ಇಂಗ್ಲಿಷ್, ಹೀಗೆ ಮೂರು ಕೀಲಿಮಣೆ ವಿನ್ಯಾಸ ಇರಬಹುದು. ಪಾಸ್‌ವರ್ಡ್ ಒತ್ತುವ ಜಾಗದಲ್ಲಿ ಕಾಣುವುದು ಬರೀ ಚುಕ್ಕೆ. ಮಗ ತಮಿಳಿನಲ್ಲಿ ಬರೆದು ಎದ್ದುಹೋದ ಮೇಲೆ ಅಪ್ಪ ಬಂದು ಅದೇ ಬೆರಳಿನಲ್ಲಿ ಅದೇ ಕೀಲಿಗಳನ್ನು ಒತ್ತಿದರೂ ಪಾಸ್‌ವರ್ಡ್ ತಪ್ಪು ಎಂದು ಬರುತ್ತದೆ. ಹೆದರಬೇಡಿ. ಪರದೆಯ ಕೆಳಮೂಲೆಯಲ್ಲಿ ಇಂಗ್ಲಿಷ್ ಇದೆಯೇ ನೋಡಿ, ಅಥವಾ ನೋಟ್‌ಪ್ಯಾಡ್‌ನಲ್ಲಿ ಎರಡಕ್ಷರ ಒತ್ತಿ ಏನು ಮೂಡುತ್ತದೆ ನೋಡಿ. ಕ್ಯಾಪ್ಸ್ ಲಾಕ್ ಕೂಡ ಒಮ್ಮೆ ನೋಡಿಕೊಳ್ಳಿ.

ಹಾಗಾಗಿ ಪಾಸ್‌ವರ್ಡ್‌ನಲ್ಲಿ ಕನ್ನಡ ಅಕ್ಷರವಾಗಲಿ ೧, ೨, ೩ ಅಂಕಿಗಳಾಗಲಿ ಬೇಡ. ಪದಗಳು ಕನ್ನಡದವೋ ತಮಿಳಿನವೋ ಇರಲಿ, ಅಕ್ಷರ ಮಾತ್ರ ಇಂಗ್ಲಿಷಿನವು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸೇರಿಸಿದರೆ ಗಟ್ಟಿ. ಮನೆದೇವರ ಹೆಸರು, ಹುಟ್ಟಿದ ತಾರೀಖು ಬೇಡ. ‘ರಾಗಿ’ಗೆ ಒಂದು ಎ ಬರೆದಿರೋ ಎರಡು ಎ ಬರೆದಿರೋ ಎಂಬ ಗೊಂದಲ ವರ್ಷದ ಮೇಲೆ ಬಂದೇ ಬರುತ್ತದೆ. ಕಾಗದದ ಮೇಲೆ ಬರೆದು ಪಟ್ಟಾ ಪತ್ರದ ಜೊತೆ ಬೀರುವಿನಲ್ಲಿಟ್ಟರೆ ತಪ್ಪೇನಿಲ್ಲ, ಪೆನ್‌ಡ್ರೈವ್ ಜೊತೆಗೆ ಮಾತ್ರ ಇಡಬೇಡಿ.

ಕೀ ವಿನಿಮಯ

ಮೊದಲ ಪತ್ರವನ್ನು ಬೀಗವಿಲ್ಲದೆ ಬರೆದು, ಅದಕ್ಕೆ ನಿಮ್ಮ ಪಬ್ಲಿಕ್ ಕೀಯನ್ನು ಲಗತ್ತಿಸಿ ಮಗಳಿಗೆ ಕಳಿಸಿ. ಅವಳೂ ಹಾಗೇ ಕಳಿಸಲಿ. ಬಂದ ಕೀ ಅವಳದೇ ಎಂದು ನಂಬುವುದು ಹೇಗೆ? ಪ್ರತಿ ಕೀಗೂ ಫಿಂಗರ್‌ಪ್ರಿಂಟ್ ಎಂಬ 40 ಅಕ್ಷರಗಳ ಗುರುತಿದೆ. ಅದನ್ನು ಫೋನಿನಲ್ಲಿ ಓದಿ ತಾಳೆ ನೋಡಬೇಕು. ಧ್ವನಿಯ ಪರಿಚಯ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗುರುತಿನಲ್ಲಿ ಬರುವುದು ಅಂಕಿಗಳು ಮತ್ತು ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಆರು ಅಕ್ಷರ ಮಾತ್ರ. ಸಿಗ್ನಲ್ ಸರಿಯಿಲ್ಲದ ಫೋನಿನಲ್ಲಿ ಬಿ, ಸಿ, ಡಿ, ಇ ನಾಲ್ಕೂ ಒಂದೇ ತರಹ ಕೇಳುತ್ತವೆ. ಊರ ಹೆಸರು ಹೇಳಿದರೆ ಸಲೀಸು: ಎ ಅಂದಿಯೂರು, ಬಿ ಬಣ್ಣಾರಿ, ಸಿ ಚಾಮರಾಜನಗರ, ಡಿ ದಿಂಬಂ, ಇ ಈರೋಡು, ಎಫ್‌ಗೆ ನಮ್ಮ ಫಿರ್ಕಾ! ತಾಳವಾಡಿ 2016ರಲ್ಲಿ ತಾಲ್ಲೂಕಾದರೂ ಆ ಪದ ಬಾಯಿಂದ ಹೋಗಿಲ್ಲವಷ್ಟೆ. ಅಂಕಿಗಳನ್ನು ಕನ್ನಡದಲ್ಲೇ ಹೇಳಿ, ಇಲ್ಲವೇ ತಮಿಳಿನಲ್ಲೇ ಹೇಳಿ. ಇಂಗ್ಲಿಷಿನ ಏಟ್ ಮತ್ತು ಅಕ್ಷರ ಎ ಬೆರೆತುಹೋಗುತ್ತವೆ.

ತಾಳೆಯಾದ ಮೇಲೆ ಆ ಕೀಯನ್ನು ಒಪ್ಪಿಕೊಂಡೆ ಎಂದು ಥಂಡರ್‌ಬರ್ಡ್‌ಗೆ ತಿಳಿಸಬೇಕು. ಕೀ ಇದ್ದೂ ಪತ್ರ ಹೋಗುತ್ತಿಲ್ಲ ಎನ್ನುವವರು ಇದೊಂದನ್ನು ಬಿಟ್ಟಿರುತ್ತಾರೆ.

ಕೈಕೊಟ್ಟಾಗ

ಕೆಲವು ಸಲ ಎಲ್ಲ ಸರಿಯಿದ್ದೂ ಜಿಮೇಲ್ ಸಂಪರ್ಕವೇ ಸಿಗುವುದಿಲ್ಲ, ಹೊಸ ಕೀ ‘ಭವಿಷ್ಯದಲ್ಲಿ ತಯಾರಾಗಿದೆ’ ಎಂಬ ವಿಚಿತ್ರ ದೂರು ಬರುತ್ತದೆ. ಗಣಕದ ಗಡಿಯಾರ ನೋಡಿ. ಹಳೆಯ ಯಂತ್ರದೊಳಗಿನ ಗುಂಡಿಯಂಥ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ಸರಿಪಡಿಸಿ, ಸಿಆರ್ 2032 ಬ್ಯಾಟರಿ ಬದಲಿಸಿದರೆ ಮುಗಿಯಿತು. ತಾರೀಖು ತಪ್ಪಿದ್ದಾಗ ಹೊಸ ಕೀ ಮಾತ್ರ ಮಾಡಬೇಡಿ. ಅದರ ಅವಧಿಯೂ ತಪ್ಪಾಗಿಬಿಡುತ್ತದೆ.

ಮಗಳು ಮೊಬೈಲಿನಲ್ಲಿ ನೋಡಿದರೆ ಪತ್ರದ ಬದಲು ಒಂದು ಲಗತ್ತು, ವಿಷಯದ ಜಾಗದಲ್ಲಿ ಮೂರು ಚುಕ್ಕೆ ಮಾತ್ರ ಕಾಣುತ್ತಿದೆಯೇ? ಪತ್ರ ಕೆಟ್ಟಿಲ್ಲ. ಅಲ್ಲಿ ಅವಳ ಸೀಕ್ರೆಟ್ ಕೀ ಇಲ್ಲ, ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಓಪನ್‌ಕೀಚೈನ್ ಎಂಬ ಆಪ್‌ಗೆ ಕೀ ಹಾಕಿ, 2024ರಲ್ಲಿ ಬಂದ ಆಂಡ್ರಾಯ್ಡ್ ಥಂಡರ್‌ಬರ್ಡ್ ಜೊತೆ ಜೋಡಿಸಿದರೆ ಓದಬಹುದು.

ಪತ್ರ ತೆರೆಯಿತು, ಕನ್ನಡದ ಬದಲು ಗೋಜಲು ಅಕ್ಷರ ಬಂತು ಎಂದರೆ ಬೀಗವನ್ನು ಬೈಯಬೇಡಿ. ಬರೆದವರು ಯೂನಿಕೋಡ್ ಬಿಟ್ಟು ಹಳೆಯ ನುಡಿ ಅಥವಾ ಬರಹ ಫಾಂಟ್ ಬಳಸಿರುತ್ತಾರೆ.

ಯಾರ ಯಾರ ನಡುವೆ, ಎಷ್ಟು ಹೊತ್ತಿಗೆ ಪತ್ರ ಹೋಯಿತು ಎಂಬುದು ಈ ಬೀಗದಿಂದ ಮುಚ್ಚಿಹೋಗುವುದಿಲ್ಲ ಎನ್ನುವುದೂ ಗೊತ್ತಿರಲಿ. ಇನ್ನು ಕಾನೂನಿನ ಮಾತು. ಪತ್ರಕ್ಕೆ ಹೀಗೆ ಬೀಗ ಹಾಕುವುದು ಭಾರತದಲ್ಲಿ ಅಪರಾಧವಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಸರ್ಕಾರ ಅಧಿಕೃತವಾಗಿ ಆದೇಶಿಸಿದರೆ ತೆರೆದು ತೋರಿಸಬೇಕು, ನಿರಾಕರಿಸಿದರೆ ಏಳು ವರ್ಷದವರೆಗೆ ಜೈಲು. ಬಳಕೆದಾರರು ಬೀಗವಿಲ್ಲದ ಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕೆಂಬ ಕರಡು ನೀತಿಯೊಂದು 2015ರ ಸೆಪ್ಟೆಂಬರ್‌ನಲ್ಲಿ ಹೊರಬಂದು, ಟೀಕೆಗೆ ಗುರಿಯಾಗಿ ಕೆಲವೇ ದಿನದಲ್ಲಿ ವಾಪಸಾಯಿತು.

ಎಲ್ಲರಿಗೂ ಇಷ್ಟೆಲ್ಲ ಬೇಕೇ? ವರ್ಷಕ್ಕೊಮ್ಮೆ ಒಂದು ಕಾಗದ ಕಳಿಸುವವರಿಗೆ ಬೇಡ. ಡೌನ್‌ಲೋಡ್ ಮಾಡಿದ ಇ-ಆಧಾರ್ ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ ಒತ್ತುತ್ತೀರಲ್ಲ, ಅದೂ ಒಂದು ಬೀಗವೇ. ಊಹಿಸಲು ಸುಲಭವಾದ ಬೀಗ, ಅಷ್ಟೇ. 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತಗಳನ್ನು ಗಟ್ಟಿ ಪಾಸ್‌ವರ್ಡ್‌ನೊಂದಿಗೆ ಕಟ್ಟಿ ಕಳಿಸಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿದರೆ ವಕೀಲರಿಗೂ ಆಡಿಟರಿಗೂ ಸಾಕು. ಅದೇ ಪತ್ರದಲ್ಲಿ ಪಾಸ್‌ವರ್ಡ್ ಬರೆದು ಕಳಿಸುವವರೂ ಇದ್ದಾರೆ! ಆಧಾರ್ ಸಂಖ್ಯೆ ಪೂರ್ತಿ ಬೇಕಿಲ್ಲದ ಕಡೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ.

ಬ್ರೌಸಿಂಗ್ ಸೆಂಟರಿನ ಗಣಕಕ್ಕೆ ಮಾತ್ರ ನಿಮ್ಮ ಸೀಕ್ರೆಟ್ ಕೀಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಮನೆಯ ಗಣಕಕ್ಕೆ ವಿಂಡೋಸ್ ಹೊಸದಾಗಿ ಹಾಕಿಸಲು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಒಯ್ಯುವ ಮುಂಚೆ, ಬೀರುವಿನ ಪೆನ್‌ಡ್ರೈವ್ ತೆಗೆದು ಅದರಲ್ಲಿ ಕೀ ಕಡತ ಇದೆಯೇ, ಅದರ ಪಾಸ್‌ವರ್ಡ್ ನೆನಪಿದೆಯೇ ಎಂದು ಇನ್ನೊಂದು ನಂಬಿಕೆಯ ಗಣಕದಲ್ಲಿ ತೆರೆದು ನೋಡಿ, ನೋಡಿದ ಮೇಲೆ ಅಲ್ಲಿಂದ ಅಳಿಸಿ. ಡಿಸ್ಕ್ ಅಳಿಸಿದ ಮೇಲೆ ರಿಪೇರಿಯವರನ್ನು ಕೇಳಿ ಪ್ರಯೋಜನವಿಲ್ಲ.