ರಾಡು, ವೈರು, ತಟ್ಟೆ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಫೋನು ಮಾಡಿ, “ಅಮ್ಮಾ, ಒಂದು ರೋಡ್ ಬೈಕ್ ತಗೋಬೇಕು ಅಂತಿದೀನಿ” ಅಂದಾಗ ನನ್ನ ಎದೆ ಧಸಕ್ಕೆಂದಿತು. ಬೈಕ್ ಎಂದರೆ ನಮಗೆಲ್ಲ ಮೋಟಾರು ಬೈಕೇ ತಾನೆ? ಅಲ್ಲವಂತೆ. ಬಾಗಿದ ಹ್ಯಾಂಡಲ್ಲಿನ, ಸಣಕಲು ಟೈರಿನ ಸೈಕಲ್ಲಂತೆ. ಭಾನುವಾರ ಬೆಳಗಿನ ಜಾವ ಎದ್ದು ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಹೋಗಲಿಕ್ಕಂತೆ. ಇದನ್ನು ಕೇಳಿದ ಮೇಲೆ ಎದೆ ಮತ್ತೊಮ್ಮೆ ಧಸಕ್ಕೆಂದಿತು. ಹತ್ತುವುದೇನೋ ಅವಳ ಕಾಲಿನ ಶಕ್ತಿಗೆ ಬಿಟ್ಟದ್ದು. ಆದರೆ 1478 ಮೀಟರ್ ಎತ್ತರದ ಆ ಬೆಟ್ಟದಿಂದ ಇಳಿಯುವುದಿದೆಯಲ್ಲ, ಅದು ಬ್ರೇಕಿಗೆ ಬಿಟ್ಟದ್ದು.

“ರಿಮ್ ಬ್ರೇಕಿನದಾದರೆ ನನ್ನ ಹತ್ತಿರ ಇರೋ ದುಡ್ಡಲ್ಲೇ ಆಗುತ್ತೆ. ಡಿಸ್ಕ್ ಬ್ರೇಕಿನದಾದರೆ ನೀನು ಸ್ವಲ್ಪ ಕೊಡಬೇಕಾಗುತ್ತೆ. ಯೋಚಿಸಿ ಹೇಳು” ಎಂದು ಅವಳು ಫೋನಿಟ್ಟಳು. ದುಡ್ಡಿನ ಮಾತನ್ನು ನಾಳೆ ನೋಡಿಕೊಳ್ಳಬಹುದಿತ್ತು. ನನಗೆ ನಿದ್ದೆ ಬಾರದೆ ಹೋದದ್ದು ಬೇರೆಯದೇ ಕಾರಣಕ್ಕೆ.

ನಾನು ಸೈಕಲ್ ಕಲಿತದ್ದು 1982ರಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮ ಹಳ್ಳಿಯಲ್ಲಿ, ಏಳನೇ ತರಗತಿಯಲ್ಲಿದ್ದಾಗ. ಅಪ್ಪಯ್ಯನದು ಕಪ್ಪು ಬಣ್ಣದ, ಬಾರಿರುವ ಗಂಡಸರ ಸೈಕಲ್ಲು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು ಓದುಗರಲ್ಲಿ ಬಹಳ ಮಂದಿ ಇರಬಹುದು. ಲಂಗ ಚೈನಿಗೆ ಸಿಕ್ಕಿ ಹರಿದದ್ದಕ್ಕೆ ಬೈಸಿಕೊಂಡವರೂ ಇರಬಹುದು. ಮರುವರ್ಷದ ಹೊತ್ತಿಗೆ ಸೀಟಿನ ಮೇಲೆ ಕೂತು ಓಡಿಸುವಷ್ಟು ಧೈರ್ಯ ಬಂದಿತ್ತು. ಆಷಾಢದ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮನೆಯ ಮುಂದಿನ ಇಳಿಜಾರಿನಲ್ಲಿ ಬಿಟ್ಟೆ. ತಿರುವಿನಲ್ಲಿ ಎರಡೂ ಬ್ರೇಕು ಹಿಡಿದೆ. ರಾಡು ಕಿರ್ರೆಂದಿತು, ಸೈಕಲ್ಲು ನಿಲ್ಲಲಿಲ್ಲ. ಗೊಬ್ಬರಗುಂಡಿಯ ಕಲ್ಲುಕಟ್ಟೆಗೆ ಹೋಗಿ ಬಡಿದೆವು. ತಮ್ಮನ ಹಣೆಗೆ ನಾಲ್ಕು ಹೊಲಿಗೆ, ನನ್ನ ಎಡಗೈ ಮೂಳೆ ಮುರಿತ. “ಹೆಣ್ಣುಹುಡುಗಿ ಕೈಗೆ ಸೈಕಲ್ ಕೊಟ್ಟದ್ದೇ ತಪ್ಪು” ಎಂದರು ಅಜ್ಜಿ. ಅಲ್ಲಿಗೆ ನನ್ನ ಸೈಕಲ್ ಸವಾರಿ ಮುಗಿಯಿತು. ಐದು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಮೂರು ವರ್ಷ ನಡೆದೇ ಹೋದೆ. ತಮ್ಮ ಮಾತ್ರ ಹೈಸ್ಕೂಲಿಗೆ ಅದೇ ಸೈಕಲ್ಲಿನಲ್ಲಿ ಹೋದ.

ಕೈಗೆ ಹಾಕಿದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಅಪ್ಪಯ್ಯ ಆ ಸೈಕಲ್ಲನ್ನು ಪೇಟೆಯ ಅಂಗಡಿಗೆ ತಂದಿದ್ದರು. ಆಸ್ಪತ್ರೆಗೆಂದು ಬಂದಿದ್ದ ನಾನೂ ಪಕ್ಕದಲ್ಲಿ ನಿಂತಿದ್ದೆ. ಅಂಗಡಿಯವನು ಬ್ರೇಕಿನ ರಬ್ಬರು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ರಬ್ಬರು ಎಂದು ಹೇಳುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ, ಬರೀ ಕಬ್ಬಿಣ. ಅಪ್ಪಯ್ಯ ಹೊಸದು ಹಾಕಿಸಿದರು. ಮನೆಗೆ ಬಂದು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೀಗಾಗಿ ನಲವತ್ತು ವರ್ಷಗಳ ನಂತರ ಮಗಳು ಬ್ರೇಕಿನ ಮಾತೆತ್ತಿದಾಗ, ಸಮಾಜ ಪಾಠ ಮಾಡುವ ಟೀಚರಿನ ಚಾಳಿಯಂತೆ, ಬ್ರೇಕಿನ ಇತಿಹಾಸವನ್ನೇ ಓದಲು ಕೂತೆ. ಓದಿದಷ್ಟೂ ಒಂದು ವಿಷಯ ಆಶ್ಚರ್ಯ ಹುಟ್ಟಿಸಿತು. ಈ ಗಾಡಿಯನ್ನು ಓಡಿಸುವುದು ಹೇಗೆಂದು ಯೋಚಿಸಿದ ಬುದ್ಧಿವಂತರು, ನಿಲ್ಲಿಸುವುದು ಹೇಗೆಂದು ಯೋಚಿಸಿದ್ದು ಬಹಳ ಸಲ ಬಿದ್ದೆದ್ದ ಮೇಲೆಯೇ.

1817ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರಾಯಿಸ್ ಎಂಬಾತ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು ಕಾಲಿನಿಂದ ನೆಲ ಒದೆಯುತ್ತ ಸಾಗಿದ. ಪೆಡಲಿಲ್ಲದ ಆ ಗಾಡಿಯಲ್ಲಿ ಕಾಲು ನೆಲಕ್ಕೆ ಎಟುಕುತ್ತಿತ್ತು. ಪೆಡಲು ಬಂದದ್ದು 1860ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಆಮೇಲೆ ವೇಗದ ಆಸೆಗೆ ಮುಂದಿನ ಚಕ್ರ ದೊಡ್ಡದಾಗುತ್ತ ಹೋಗಿ, 1870ರ ದಶಕಕ್ಕೆ ಆಳೆತ್ತರದ ಚಕ್ರದ ಮೇಲೆ ಸವಾರ, ಹಿಂದೊಂದು ಪುಟ್ಟ ಚಕ್ರ ಎಂಬಂತಾಯಿತು. ಚಿತ್ರದಲ್ಲಿ ನೀವೂ ನೋಡಿರುತ್ತೀರಿ. ಅದರ ಬ್ರೇಕು ಎಂದರೆ ಹ್ಯಾಂಡಲ್ಲಿನ ಕೆಳಗೆ ಸೌಟಿನಂಥ ಒಂದು ಲೋಹದ ತುಂಡು. ಸನ್ನೆ ಹಿಡಿದರೆ ಅದು ಮುಂದಿನ ಟೈರನ್ನು ಒತ್ತುತ್ತಿತ್ತು. ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತಿತ್ತು, ಸವಾರ ನಿಲ್ಲುತ್ತಿರಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ ತಲೆಕೆಳಗಾಗಿ ಬೀಳುತ್ತಿದ್ದ. “ಮುಂದಿನ ಬ್ರೇಕು ಹಿಡಿಯಬೇಡ, ಪಲ್ಟಿ ಹೊಡೀತೀಯ” ಎಂದು ನಮಗೆಲ್ಲ ಹೇಳುತ್ತಿದ್ದರಲ್ಲ, ಆ ಹೆದರಿಕೆಗೂ ಈ ದೊಡ್ಡಚಕ್ರಕ್ಕೂ ನೆಂಟಸ್ತನ ಇದೆಯೇನೋ ಎಂದು ನನ್ನ ಗುಮಾನಿ. ಅಸಲಿಗೆ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸ ಹೆಚ್ಚಾಗಿ ಮಾಡುವುದು ಮುಂದಿನ ಬ್ರೇಕೇ. ಎರಡನ್ನೂ ಸೇರಿಸಿ, ಹದವಾಗಿ ಹಿಡಿಯಬೇಕು, ಅಷ್ಟೆ.

1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ, ಚೈನಿನಿಂದ ಓಡುವ ಸೈಕಲ್ಲು ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಹೆಂಗಸರು ಧೈರ್ಯವಾಗಿ ಸೈಕಲ್ ಹತ್ತಿದ್ದು ಇದಾದ ಮೇಲೆಯೇ. ಅಮೆರಿಕದಲ್ಲಿ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಳು; ತನ್ನ ಸೈಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟಿದ್ದಳು.

ಅವಳಿಗಿಂತ ನನಗೆ ಹೆಚ್ಚು ಹಿಡಿಸಿದವಳು ಆನಿ ಕೊಹೆನ್ ಕೊಪ್ಚೊವ್ಸ್ಕಿ. ಆನಿ ಲಂಡನ್‌ಡೆರ್ರಿ ಎಂಬ ಹೆಸರಿನಲ್ಲಿ ಪ್ರಸಿದ್ಧಳಾದಳು. ಮೂರು ಪುಟ್ಟ ಮಕ್ಕಳ ತಾಯಿ. 1894ರ ಜೂನಿನಲ್ಲಿ ಬಾಸ್ಟನ್ನಿನಿಂದ ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟಳು. ಮೊದಲ ಸೈಕಲ್ಲು 42 ಪೌಂಡು, ಎಂದರೆ ಸುಮಾರು 19 ಕಿಲೋ ಭಾರ. ಷಿಕಾಗೋದಲ್ಲಿ ಅದನ್ನು ಬಿಟ್ಟು ಅದರ ಅರ್ಧ ತೂಕದ ಗಂಡಸರ ಸೈಕಲ್ಲು ಹಿಡಿದಳು. ಅದಕ್ಕೆ ಬ್ರೇಕೇ ಇರಲಿಲ್ಲ! ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುವ ಜಾತಿಯದು. ನಿಲ್ಲಿಸಬೇಕೆಂದರೆ ಕಾಲಿನಿಂದಲೇ ಪೆಡಲನ್ನು ಹಿಂದಕ್ಕೆ ತಡೆಯಬೇಕು. ಅಯೋವಾದಲ್ಲಿ ಹಂದಿಗಳ ಹಿಂಡಿಗೆ ನುಗ್ಗಿ ಮಣಿಕಟ್ಟು ಮುರಿದುಕೊಂಡರೂ ಪಟ್ಟಿ ಕಟ್ಟಿಕೊಂಡೇ 1895ರ ಸೆಪ್ಟೆಂಬರಿನಲ್ಲಿ ಪ್ರಯಾಣ ಮುಗಿಸಿದಳು. ಬಹಳ ದೂರ ಹಡಗಿನಲ್ಲೇ ಹೋದದ್ದು ನಿಜ, ಭಾರತದಲ್ಲಿ ಹುಲಿ ಬೇಟೆಯಾಡಿದೆ ಎಂದು ಬುರುಡೆ ಬಿಟ್ಟದ್ದೂ ನಿಜ. ಹೋಗಲಿ ಬಿಡಿ, ಬ್ರೇಕಿಲ್ಲದ ಸೈಕಲ್ಲು ಹೊಡೆದವಳು ಒಂದು ಹುಲಿ ಹೊಡೆದೆನೆಂದರೆ ನಾನಂತೂ ಕ್ಷಮಿಸುತ್ತೇನೆ.

ಗಾಳಿ ತುಂಬಿದ ಟೈರಿಗೆ ಸೌಟಿನ ಬ್ರೇಕು ಒಗ್ಗಲಿಲ್ಲ. ತಿಕ್ಕಿ ತಿಕ್ಕಿ ಟೈರೇ ಸವೆಯತೊಡಗಿತು. ಆಗ ಟೈರನ್ನು ಬಿಟ್ಟು ರಿಮ್ಮನ್ನು ಹಿಡಿಯುವ ಯೋಚನೆ ಗಟ್ಟಿಯಾಯಿತು. ನಮ್ಮ ಅಪ್ಪಂದಿರ ಸೈಕಲ್ಲಿನ ರಾಡ್ ಬ್ರೇಕು ಆ ವಂಶದ್ದು. ಹಿಡಿಕೆ ಅದುಮಿದರೆ ಕಬ್ಬಿಣದ ಕಡ್ಡಿಗಳು ಕುದುರೆ ರಿಕಾಪಿನಂಥ ಚೌಕಟ್ಟನ್ನು ಮೇಲಕ್ಕೆಳೆದು, ಎರಡು ರಬ್ಬರುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತವೆ. ಇಂಗ್ಲೆಂಡಿನ ಈ ಮಾದರಿ ನಮ್ಮಲ್ಲಿ ಬೇರೂರಿತು. 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ, ಹೀಗೆ ಕಾರ್ಖಾನೆಗಳು ಒಂದೊಂದಾಗಿ ಹುಟ್ಟಿ ಊರೂರಿಗೂ ಸೈಕಲ್ಲು ಕೊಟ್ಟವು. ರಾಡಿಗೆ ಆಯುಸ್ಸು ಜಾಸ್ತಿ. ಬಾಗಿದರೆ ಯಾವ ಕಮ್ಮಾರನೂ ನೆಟ್ಟಗೆ ಮಾಡಿಕೊಡುತ್ತಾನೆ. ದೋಷ ಇದ್ದದ್ದು ಅದರ ಜೊತೆಗಿದ್ದ ಉಕ್ಕಿನ ರಿಮ್ಮಿನಲ್ಲಿ. ನೀರು ಬಿದ್ದರೆ ನುಣುಪಾದ ಉಕ್ಕಿನ ಮೇಲೆ ರಬ್ಬರು ಜಾರುತ್ತದೆ. ಮಲೆನಾಡಿನ ಮಳೆ, ಉಕ್ಕಿನ ರಿಮ್ಮು, ಸವೆದ ರಬ್ಬರು, ಹಿಂದೆ ತಮ್ಮ. ಈ ಸಾಲು ಓದಿದ ರಾತ್ರಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ರಾಡಿನ ನಂತರದ್ದು ವೈರು. 1896ರಲ್ಲಿ ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ ಎಂಬಾತ ಇದಕ್ಕೆ ಪೇಟೆಂಟು ಪಡೆದ. ಲಂಗದ ಪಟ್ಟಿಯೊಳಗೆ ಲಾಡಿ ಇರುವಂತೆ, ಕೊಳವೆಯೊಳಗೆ ಒಂದು ತಂತಿ. ಲಾಡಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ಬೌಡೆನ್ನನ ಕೊಳವೆ ಸುರುಳಿ ಸುತ್ತಿದ ಗಟ್ಟಿ ತಂತಿಯದ್ದಾದ್ದರಿಂದ ಕುಗ್ಗುವುದಿಲ್ಲ. ಹಾಗಾಗಿ ಎಷ್ಟು ಬಾಗಿಸಿದರೂ ಈ ತುದಿಯ ಎಳೆತ ಆ ತುದಿಗೆ ತಲುಪುತ್ತದೆ. ಸ್ಕೂಟರಿನ ಕ್ಲಚ್ಚಿಗೂ ಇದೇ ಉಪಾಯ. ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರದ ನಡುವಿನಲ್ಲೇ ಹಿಡಿತ ಬೀಳುವ ಬ್ರೇಕೂ 1898ರ ಸುಮಾರಿಗೆ ಬಂತು, ನಮ್ಮ ಕಡೆ ಅದರ ಬಳಕೆ ಕಡಿಮೆ.

ಪಂದ್ಯದ ಸೈಕಲ್ಲು ನಂಬಿದ್ದು ವೈರನ್ನೇ. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ 1910ರಲ್ಲಿ ಪಿರನೀಸ್ ಪರ್ವತದ 2115 ಮೀಟರ್ ಎತ್ತರದ ತುರ್ಮಾಲೆ ಕಣಿವೆಯನ್ನು ಹತ್ತಿ ಇಳಿಯಿತು. ಅಂಥ ಇಳಿಜಾರುಗಳಲ್ಲಿ ರಿಮ್ಮನ್ನು ಎರಡೂ ಪಕ್ಕದಿಂದ ಚಿಮಟದಂತೆ ಹಿಡಿಯುವ ಬ್ರೇಕು ಪಳಗಿತು. 1950ರ ದಶಕದಲ್ಲಿ ಫ್ರಾನ್ಸಿನ ಮಾಫಾಕ್, 1968ರಲ್ಲಿ ಇಟಲಿಯ ಕಂಪಾನ್ಯೋಲೊ, ಆಮೇಲೆ ಜಪಾನಿನ ಶಿಮಾನೊ ಎಂದು ಒಬ್ಬರಿಗಿಂತ ಒಬ್ಬರು ತಿದ್ದಿದರು. ಅಲ್ಯುಮಿನಿಯಂ ರಿಮ್ಮು ಬಂದ ಮೇಲೆ ಮಳೆಯಲ್ಲೂ ಹಿಡಿತ ಸುಧಾರಿಸಿತು. ಆದರೂ ಉದ್ದ ಇಳಿಜಾರಿನಲ್ಲಿ ತಿಕ್ಕಾಟದ ಬಿಸಿಯೆಲ್ಲ ಸೇರುವುದು ರಿಮ್ಮಿಗೇ, ಅದರ ಮೇಲೆಯೇ ಟೈರು ಕೂತಿರುತ್ತದೆ. ಎಲ್ಲವನ್ನೂ ಬ್ರೇಕೇ ಕಾಯುವುದಿಲ್ಲ ಎನ್ನುವುದೂ ಉಂಟು. 2003ರ ಟೂರಿನಲ್ಲಿ ಸುಡುಬಿಸಿಲಿಗೆ ಡಾಂಬರು ಕರಗಿದ ರಸ್ತೆಯಲ್ಲಿ ಸ್ಪೇನಿನ ಹೊಸೆಬಾ ಬೆಲೋಕಿ ಇಳಿಯುವಾಗ ಹಿಂದಿನ ಚಕ್ರ ಜಾರಿ, ಟೈರು ಕಳಚಿ, ತೊಡೆಯ ಮೂಳೆ ಮುರಿಯಿತು.

ಇನ್ನು ತಟ್ಟೆ, ಎಂದರೆ ಡಿಸ್ಕು. ಚಕ್ರದ ನಡುವೆ ಒಂದು ಉಕ್ಕಿನ ತಟ್ಟೆ, ಅದನ್ನು ಹಿಡಿಯುವ ಎರಡು ಬಿಲ್ಲೆ. ಬಿಸಿ ಟೈರಿಗೆ ತಗಲುವುದಿಲ್ಲ, ರಿಮ್ಮು ಸವೆಯುವುದಿಲ್ಲ, ಒದ್ದೆಯಲ್ಲೂ ಹಿಡಿಯುತ್ತದೆ. ಪಂದ್ಯದವರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2015ರಲ್ಲಿ ಪ್ರಯೋಗಕ್ಕೆ ಬಿಟ್ಟಿತು. 2016ರ ಏಪ್ರಿಲ್‌ನಲ್ಲಿ ಪ್ಯಾರಿಸ್-ರುಬೆ ಪಂದ್ಯದಲ್ಲಿ ಬಿದ್ದ ಒಬ್ಬ ಸವಾರ ತನ್ನ ಕಾಲು ಸೀಳಿದ್ದು ಈ ತಟ್ಟೆಯೇ ಎಂದಾಗ ಪ್ರಯೋಗ ನಿಂತಿತು. ಮರುವರ್ಷ ಮತ್ತೆ ಶುರುವಾಗಿ 2018ರ ಜುಲೈ 1ರಿಂದ ಪೂರ್ತಿ ಒಪ್ಪಿಗೆ ಸಿಕ್ಕಿತು. 2020ರ ಟೂರ್ ಗೆದ್ದ ಪೊಗಾಚಾರ್ ಮಾತ್ರ ಓಡಿಸಿದ್ದು ರಿಮ್ ಬ್ರೇಕಿನ ಸೈಕಲ್ಲನ್ನೇ.

ಡಿಸ್ಕಿನಲ್ಲೂ ಎರಡು ಜಾತಿ: ವೈರಿನಿಂದ ಎಳೆಯುವುದು, ಎಣ್ಣೆಯ ಒತ್ತಡದಿಂದ ನಡೆಯುವುದು. ಬಿ.ಎ. ಓದಿದ ನನಗೆ ಎರಡನೆಯದು ಅರ್ಥವಾಗದೆ ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಕೇಳಿದೆ. ಆಕೆ ಇಂಜೆಕ್ಷನ್ನಿನ ಎರಡು ಸಿರಿಂಜುಗಳನ್ನು ಕೊಳವೆಯಿಂದ ಜೋಡಿಸಿ, ನೀರು ತುಂಬಿ, ಸ್ಟಾಫ್ ರೂಮಿನಲ್ಲೇ ಪ್ಯಾಸ್ಕಲನ ನಿಯಮ ತೋರಿಸಿದರು. ಇದನ್ನು ಬೆರಳಿನಿಂದ ಹಿಡಿದರೂ ಸಾಕು, ಕೈ ಸೋಲುವುದಿಲ್ಲ. ಆದರೆ ಕೆಟ್ಟರೆ ದಾರಿಬದಿಯ ಅಂಗಡಿಯಲ್ಲಿ ಆಗುವ ಕೆಲಸವಲ್ಲ.

ಲೆಕ್ಕ ಹಾಕಿದೆ. ಒಣ ರಸ್ತೆ, ಸಪಾಟು ದಾರಿ, ಕೈಯಲ್ಲಿ ಕಡಿಮೆ ದುಡ್ಡು, ಹಗುರವಾದ ಸೈಕಲ್ಲು ಬೇಕು ಎಂದರೆ ರಿಮ್ ಬ್ರೇಕಿಗೇನೂ ಕೊರತೆಯಿಲ್ಲ. ರಬ್ಬರು ಮತ್ತು ವೈರು ಹತ್ತು ನಿಮಿಷದ ಕೆಲಸ. ಆದರೆ ಇವಳು ಹೋಗುವುದು ಬೆಟ್ಟಕ್ಕೆ. ಮಳೆ ಬಂತೆಂದು ಅರ್ಧ ದಾರಿಯಿಂದ ವಾಪಸು ಬರುವ ಹುಡುಗಿಯೂ ಅಲ್ಲ. ಆಮೇಲೆ ಮನಸ್ಸು ಬದಲಾಯಿಸೋಣವೆಂದರೆ, ರಿಮ್ ಬ್ರೇಕಿನ ಫ್ರೇಮಿಗೆ ಡಿಸ್ಕು ಕೂರಿಸಲು ಜಾಗವೇ ಇರುವುದಿಲ್ಲ. ಬೆಳಿಗ್ಗೆ ಫೋನು ಮಾಡಿ, “ಡಿಸ್ಕಿನದೇ ತಗೋ. ವೈರಿಂದಾದರೂ ಸರಿ. ಮಿಕ್ಕ ದುಡ್ಡು ನಾನು ಕೊಡ್ತೀನಿ” ಎಂದೆ. “ಬೇಡ ಅಂತೀಯೇನೋ ಅಂದ್ಕೊಂಡಿದ್ದೆ” ಎಂದಳು. ಅವಳಿಗೆ ಗೊಬ್ಬರಗುಂಡಿಯ ಕಥೆ ಗೊತ್ತು, ಅಂಗಡಿಯವನ ಅಂಗೈಯ ಕಥೆ ಗೊತ್ತಿರಲಿಲ್ಲ. ಅವತ್ತು ಹೇಳಿದೆ.

ಸೈಕಲ್ಲು ಕೊಳ್ಳುವಾಗ ನಾನೂ ಹೋಗಿದ್ದೆ. ಅಂಗಡಿಯ ಹುಡುಗ ಹೊಸ ಬಿಲ್ಲೆ ಪಳಗುವವರೆಗೆ ಹಿಡಿತ ಕಡಿಮೆ, ಮೊದಲು ಸಪಾಟು ರಸ್ತೆಯಲ್ಲಿ ಇಪ್ಪತ್ತು ಸಲ ಹಿಡಿದು ಬಿಡಿ, ತಟ್ಟೆಗೆ ಎಣ್ಣೆ ಕೈ ತಾಗಿಸಬೇಡಿ ಎಂದು ಅವಳಿಗೆ ಹೇಳುತ್ತಿದ್ದ; ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. “ಆಂಟಿ, ನಿಮಗೂ ಒಂದು ತೋರಿಸ್ಲಾ?” ಎಂದ. ವಿಲ್ಲರ್ಡಳ ವಯಸ್ಸು ದಾಟಿದೆ ಎಂದು ಅವನಿಗೆ ಹೇಗೆ ಹೇಳಲಿ!

ಜುಲೈನ ಒಂದು ಭಾನುವಾರ ಅವಳು ಬೆಟ್ಟದ ಮೇಲಿನಿಂದ ಫೋಟೋ ಕಳಿಸಿದಳು. ಹಿಂದೆಲ್ಲ ಬರೀ ಮಂಜು, ರಸ್ತೆ ಒದ್ದೆ. ಒಂದು ಗಂಟೆ ಬಿಟ್ಟು “ಇಳಿದಾಯ್ತು” ಎಂದು ಎರಡೇ ಪದ ಬಂತು. ಅಲ್ಲಿಯವರೆಗೆ ನಾನು ಹಚ್ಚುತ್ತಿದ್ದ ಹುರುಳಿಕಾಯಿ ಹಾಗೇ ಇತ್ತು. ಆ ಫೋಟೋವನ್ನು ತಮ್ಮನಿಗೂ ಕಳಿಸಿದೆ. ಅವನಿಗೀಗ ಐವತ್ತರ ಆಸುಪಾಸು, ಹಣೆಯ ಗುರುತು ಕೂದಲು ಹಿಂದೆ ಸರಿದಂತೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೂಡಲೇ ಫೋನು ಮಾಡಿದ. “ಅಕ್ಕಾ, ಬ್ರೇಕ್ ರಬ್ಬರ್ ನೋಡಿ ತಗೊಂಡಿದ್ದೀಯ ತಾನೆ?”

“ಇದಕ್ಕೆ ರಬ್ಬರೇ ಇಲ್ಲ ಮಾರಾಯ” ಎಂದೆ.